ನಾಣ್ಯ ಮತ್ತು ಬಿಲ್ಲೆ

ಕ್ರಿಪ್ಟೋ ಹಣವನ್ನು ಕುರಿತ ಬರೆಹಗಳಲ್ಲಿ ಕಾಯಿನ್, ಟೋಕನ್ ಎಂಬೆರಡು ಶಬ್ದಗಳು ಅನೇಕ ವೇಳೆ ಪರ್ಯಾಯಪದಗಳಂತೆ ಪ್ರಯೋಗವಾಗುತ್ತವೆ. ಕನ್ನಡದಲ್ಲಿ ಇವನ್ನು ನಾಣ್ಯವೆಂತಲೂ ಬಿಲ್ಲೆಯೆಂತಲೂ ಕರೆಯಬಹುದು. ಎರಡಕ್ಕೂ ಬೆಲೆಯುಂಟು, ಎರಡೂ ಒಂದೇ ಪೇಟೆಯಲ್ಲಿ ವಿಕ್ರಯವಾಗುತ್ತವೆ. ಆದರೂ ಇವುಗಳ ಹುಟ್ಟು ಬೇರೆ, ಆಧಾರ ಬೇರೆ. ಈ ಭೇದವನ್ನು ಮರೆತರೆ ಒದಗುವ ನಷ್ಟವೇನೆಂಬುದು ಇವುಗಳ ಚರಿತ್ರೆಯಿಂದಲೇ ವಿಶದವಾಗುತ್ತದೆ.

ಶಬ್ದಗಳ ಭೇದವು ಹಳೆಯದು. ೧೭ನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನಲ್ಲಿ ಚಿಲ್ಲರೆಗೆ ಅಭಾವವುಂಟಾಗಲು, ಅಂಗಡಿಕಾರರು ತಮ್ಮ ಹೆಸರನ್ನೂ ಊರನ್ನೂ ಅಚ್ಚೊತ್ತಿಸಿದ ಲೋಹದ ಬಿಲ್ಲೆಗಳನ್ನು ಹೊರಡಿಸಿದರು. ೧೬೭೨ರಲ್ಲಿ ೨ನೆಯ ಚಾರ್ಲ್ಸ್ ದೊರೆಯು ತಾಮ್ರದ ನಾಣ್ಯಗಳನ್ನು ಬಳಕೆಗೆ ತಂದು ಇವನ್ನು ನಿಷೇಧಿಸಿದನು. ದೊರೆಯ ನಾಣ್ಯವು ರಾಜ್ಯದಲ್ಲೆಲ್ಲ ಸಲ್ಲುವುದು. ಬಿಲ್ಲೆಯಾದರೋ ಅಂಗಡಿಕಾರನನ್ನು ಬಲ್ಲವರ ನಡುವೆ ಮಾತ್ರ. ಅಂಗಡಿ ಮುಚ್ಚಿದರೆ ಅದು ಬರಿಯ ಲೋಹ.

ಕ್ರಿಪ್ಟೋ ಹಣದಲ್ಲಿ ಮೊದಲು ಹುಟ್ಟಿದುದು ನಾಣ್ಯವೇ. ಸತೋಷಿ ನಕಮೊಟೊ ಎಂಬ ಹೆಸರಿನಲ್ಲಿ ೨೦೦೮ನೆಯ ಇಸವಿ ಅಕ್ಟೋಬರ್ ೩೧ರಂದು ಬಿಟ್‌ಕಾಯಿನ್ನಿನ ಪ್ರಬಂಧವು ಪ್ರಕಟವಾಯಿತು. ೨೦೦೯ನೆಯ ಜನವರಿ ೩ರಂದು ಅದರ ಕಡತದ ಮೊದಲ ಪುಟವು ಬರೆಯಲ್ಪಟ್ಟಿತು. ಈ ಕಡತವು ಒಬ್ಬ ಸಾಹುಕಾರನ ಪೆಟ್ಟಿಗೆಯಲ್ಲಿಲ್ಲ. ಅಸಂಖ್ಯ ಗಣಕಯಂತ್ರಗಳಲ್ಲಿ ಏಕರೂಪವಾಗಿ ಇರುವುದು. ಕಡತವನ್ನು ಬರೆಯುವವರಿಗೆ ದೊರೆಯುವ ಪ್ರತಿಫಲವೇ ಬಿಟ್‌ಕಾಯಿನ್. ಅದರ ಪರಮಾವಧಿ ಸಂಖ್ಯೆ ೨ ಕೋಟಿ ೧೦ ಲಕ್ಷ. ಆದುದರಿಂದ ನಾಣ್ಯವು ಕಡತದ ಕೂಲಿ. ಕೂಲಿಯಿಲ್ಲದೆ ಕಡತವಿಲ್ಲ, ಕಡತವಿಲ್ಲದೆ ನಾಣ್ಯವಿಲ್ಲ.

ಒಬ್ಬರ ಕಡತದಲ್ಲಿ ಮತ್ತೊಬ್ಬರ ಹಕ್ಕನ್ನು ಏಕೆ ಬರೆಯಬಾರದೆಂಬ ಪ್ರಶ್ನೆಯಿಂದ ಬಿಲ್ಲೆಯು ಹುಟ್ಟಿತು. ಜೆ. ಆರ್. ವಿಲೆಟ್ ಎಂಬವರು ೨೦೧೨ರಲ್ಲಿ ಸೂಚಿಸಿದ ಮಾಸ್ಟರ್‌ಕಾಯಿನ್ ೨೦೧೩ರಲ್ಲಿ ಬಿಟ್‌ಕಾಯಿನ್ ಕಡತದ ಮೇಲೆಯೇ ಕಾರ್ಯಕ್ಕೆ ಬಂದಿತು. ಹೆಸರಿನಲ್ಲಿ ಕಾಯಿನ್ ಎಂದಿದ್ದರೂ ಇದಕ್ಕೆ ಸ್ವಂತ ಕಡತವಿರಲಿಲ್ಲ. ಒಂದಕ್ಕೆ ಒಂದು ಅಮೆರಿಕದ ಡಾಲರ್ ಎಂಬ ವಾಗ್ದಾನವುಳ್ಳ ಟೆಥರ್ ಸಹ ೨೦೧೪ರಲ್ಲಿ ಇದೇ ಮಾರ್ಗದಿಂದ ಹೊರಟಿತು. ಅದು ಯಾರ ಬಳಿ ಎಷ್ಟಿದೆಯೆಂಬುದಕ್ಕೆ ಕಡತವು ಸಾಕ್ಷಿ ಹೇಳಬಲ್ಲುದು. ಡಾಲರುಗಳು ತಿಜೋರಿಯಲ್ಲಿ ಇವೆಯೋ ಎಂಬುದಕ್ಕೆ ಹೇಳಲಾರದು. ಈ ಆಧಾರದ ವಿಷಯವಾಗಿ ತಪ್ಪು ತಿಳಿವಳಿಕೆ ಕೊಟ್ಟಿತೆಂದು ೨೦೨೧ರಲ್ಲಿ ಅಮೆರಿಕದ ಸರಕು ವಾಯಿದೆ ನಿಯಂತ್ರಣ ಮಂಡಲಿಯು ಟೆಥರ್ ಸಂಸ್ಥೆಗೆ ೪ ಕೋಟಿ ೧೦ ಲಕ್ಷ ಡಾಲರ್ ದಂಡ ವಿಧಿಸಿತು.

೨೦೧೫ನೆಯ ಜುಲೈ ೩೦ರಂದು ಆರಂಭವಾದ ಎಥೀರಿಯಮ್ ಬಿಲ್ಲೆಗಳಿಗೆ ಹೆದ್ದಾರಿಯನ್ನು ಮಾಡಿಕೊಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಸೂಚಿತವಾದ ಇ.ಆರ್.ಸಿ. ೨೦ ಎಂಬ ನಿಯಮಾವಳಿಯ ಪ್ರಕಾರ, ಕೆಲವು ಪಂಕ್ತಿಗಳ ಕ್ರಮವಿಧಿಯನ್ನು ಬರೆದು ಯಾರಾದರೂ ಬಿಲ್ಲೆಯನ್ನು ಹೊರಡಿಸಬಹುದಾಯಿತು. ಆದರೆ ಅದನ್ನು ಒಬ್ಬರಿಂದೊಬ್ಬರಿಗೆ ವರ್ಗಾಯಿಸುವ ಸುಂಕವನ್ನು ಎಥೀರಿಯಮ್ಮಿನ ನಾಣ್ಯವಾದ ಈಥರಿನಲ್ಲಿಯೇ ತೆರಬೇಕು. ಪರರ ಕಡತದಲ್ಲಿ ವಾಸಿಸುವುದಕ್ಕೆ ಇದು ಬಾಡಿಗೆ.

ಈ ಪರಾಧೀನತೆಯ ಪರೀಕ್ಷೆ ೨೦೧೬ರಲ್ಲಿ ನಡೆಯಿತು. ದಿ ಡಾವೊ ಎಂಬ ಸಂಘಟನೆಯು ೧ ಈಥರಿಗೆ ೧೦೦ರಂತೆ ಬಿಲ್ಲೆಗಳನ್ನು ಮಾರಲಾರಂಭಿಸಿ ೧ ಕೋಟಿ ೧೦ ಲಕ್ಷಕ್ಕೂ ಮಿಕ್ಕ ಈಥರನ್ನು ಕೂಡಿಸಿತು. ಜೂನ್ ೧೭ರಂದು ಅದರ ಕ್ರಮವಿಧಿಯಲ್ಲಿದ್ದ ಒಂದು ಲೋಪವನ್ನು ಹಿಡಿದು ಯಾರೋ ಸುಮಾರು ೩೬ ಲಕ್ಷ ಈಥರನ್ನು ಸೆಳೆದರು. ಲೋಪವು ಬಿಲ್ಲೆಯ ಕಡೆಯದು. ನಾಣ್ಯದ ಕಡತದಲ್ಲಿ ದೋಷವಿರಲಿಲ್ಲ. ಆದರೂ ಬಿಲ್ಲೆ ಕೊಂಡವರನ್ನು ರಕ್ಷಿಸಲು ಜುಲೈ ೨೦ರಂದು ಕಡತವನ್ನೇ ವಿಶೇಷ ತಿದ್ದುಪಡಿಯಿಂದ ಬದಲಾಯಿಸಲಾಯಿತು. ಬರೆದುದನ್ನು ಅಳಿಸಲಾಗದೆಂಬ ಪ್ರತಿಜ್ಞೆಯನ್ನು ಬಿಡಲೊಲ್ಲದವರು ಹಳೆಯ ಕಡತವನ್ನೇ ಮುಂದುವರಿಸಿದರು. ಅದೇ ಎಥೀರಿಯಮ್ ಕ್ಲಾಸಿಕ್. ಹೀಗೆ ಬಿಲ್ಲೆಯು ನಾಶವಾಯಿತು, ನಾಣ್ಯವು ಎರಡಾಯಿತು. ೨೦೧೭ನೆಯ ಜುಲೈ ೨೫ರಂದು ಅಮೆರಿಕದ ಬಂಡವಾಳ ಪತ್ರಗಳ ಮಂಡಲಿಯು, ಡಾವೊ ಬಿಲ್ಲೆಗಳು ಷೇರುಗಳಂತೆಯೇ ಕಾನೂನಿಗೆ ಅಧೀನವಾದ ಬಂಡವಾಳ ಪತ್ರಗಳೆಂದು ತೀರ್ಮಾನಿಸಿತು.

ಈ ಎರಡು ಜಾತಿಗಳ ನಡುವಣ ಗಡಿಯು ದಾಟಲಾಗದುದೇನಲ್ಲ. ೨೦೧೭ರಿಂದ ಎಥೀರಿಯಮ್ಮಿನ ಮೇಲೆ ಬಿಲ್ಲೆಯಾಗಿ ಮಾರಾಟವಾದ ಇ.ಓ.ಎಸ್., ೨೦೧೮ರಲ್ಲಿ ಸ್ವಂತ ಕಡತವನ್ನು ಪಡೆದು ನಾಣ್ಯವಾಯಿತು. ಮತ್ತೊಂದು ಕಡೆ ಭಾರತದ ೨೦೨೨ನೆಯ ಹಣಕಾಸು ಶಾಸನವು ಎರಡನ್ನೂ ವಾಸ್ತವಪ್ರಾಯ ಡಿಜಿಟಲ್ ಆಸ್ತಿಯೆಂಬ ಒಂದೇ ಹೆಸರಿನಡಿ ತಂದು, ಅವುಗಳ ವರ್ಗಾವಣೆಯ ಆದಾಯಕ್ಕೆ ನೂರಕ್ಕೆ ೩೦ರಂತೆ ತೆರಿಗೆ ವಿಧಿಸಿತು. ತೆರಿಗೆಗೆ ಈ ಏಕೀಕರಣವು ಅನುಕೂಲವಿರಬಹುದು; ಕೊಳ್ಳುವವನಿಗೆ ಅದು ಸಾಲದು. ನಾಣ್ಯವನ್ನು ಹಿಡಿದವನು ಕಡತದ ಬಾಳಿಕೆಯೊಂದನ್ನೇ ನಂಬಿರುತ್ತಾನೆ. ಬಿಲ್ಲೆಯನ್ನು ಹಿಡಿದವನು ಕಡತವನ್ನೂ, ಅದರ ಮೇಲೆ ಬರೆದ ಕ್ರಮವಿಧಿಯನ್ನೂ, ಅನೇಕ ಸಂದರ್ಭಗಳಲ್ಲಿ ಹೊರಗೆ ಕುಳಿತ ವಾಗ್ದಾನಿಯನ್ನೂ ನಂಬಬೇಕಾಗುತ್ತದೆ.