ಬೀಟೆಯ ಪಟ್ಟಿ, ಕೋಟಿಯ ಗಿಟಾರು: ಸಕಲೇಶಪುರ–ಆಲೂರು ಸೀಮೆಯಿಂದ ಒಂದು ನೋಟ

2019ರ ಜೂನ್ 20ರಂದು ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟೋಕಾಸ್ಟರ್ ಗಿಟಾರು 39.75 ಲಕ್ಷ ಡಾಲರಿಗೆ ಹೋಯಿತು. ಅಂದಿನ ಲೆಕ್ಕದಲ್ಲಿ ಸುಮಾರು 27 ಕೋಟಿ ರೂಪಾಯಿ. ಫೆಂಡರ್ ಕಂಪನಿ 1969ರಲ್ಲಿ ಸಾಲುಸಾಲಾಗಿ ತಯಾರಿಸಿದ ಗಿಟಾರುಗಳಲ್ಲಿ ಇದೂ ಒಂದು. ಮೇಲಾಗಿ ಗಿಲ್ಮೋರ್ ಅದರ ಕತ್ತನ್ನು ಹಲವು ಸಲ ಬದಲಿಸಿದ್ದರು. ಪಿಕಪ್‌ಗಳು ಬದಲಾಗಿದ್ದವು, ಮುಂದಿನ ಪ್ಲಾಸ್ಟಿಕ್ ತಗಡೂ ಬೇರೆಯದಾಗಿತ್ತು. ಇಷ್ಟೆಲ್ಲ ಬಿಡಿಭಾಗ ಬದಲಾದ ವಾದ್ಯಕ್ಕೆ ಅಷ್ಟು ಬೆಲೆ ಬಂದದ್ದು ಅದನ್ನು ಹಿಡಿದ ಕೈಯಿಂದ. ಆ ಕೈಯ ಚರಿತ್ರೆಯನ್ನು ಹರಾಜು ಸಂಸ್ಥೆಗಳು ಬಲು ನಿಷ್ಠೆಯಿಂದ ದಾಖಲಿಸುತ್ತವೆ: ಯಾವ ಅಂಗಡಿಯಲ್ಲಿ ಕೊಂಡದ್ದು, ಯಾವ ಧ್ವನಿಮುದ್ರಣದಲ್ಲಿ ನುಡಿಸಿದ್ದು, ಸಿಗರೇಟಿನ ಕಿಡಿ ಎಲ್ಲಿ ಸುಟ್ಟಿದೆ. ಮರ ಯಾವ ಬೆಟ್ಟದ್ದು ಎಂಬ ಸಾಲಿಗೆ ಮಾತ್ರ ಅಲ್ಲಿ ಜಾಗವಿರುವುದಿಲ್ಲ. ಆ ಬಿಟ್ಟುಹೋದ ಸಾಲನ್ನು ಬೀಟೆ, ಅಂದರೆ ರೋಸ್‌ವುಡ್, ಬೆಳೆಯುವ ಸಕಲೇಶಪುರ–ಆಲೂರು ಸೀಮೆಯ ಕಡೆಯಿಂದ ಓದುವ ಯತ್ನ ಈ ಲೇಖನ.

ಖ್ಯಾತರ ಗಿಟಾರಿಗೆ ಬೆಲೆ ಬಂದದ್ದು ತೀರ ಈಚೆಗೆ. 1970ರಲ್ಲಿ ಎರಿಕ್ ಕ್ಲಾಪ್ಟನ್ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 1950ರ ದಶಕದ ಕೆಲವು ಹಳೆಯ ಸ್ಟ್ರಾಟೋಕಾಸ್ಟರುಗಳನ್ನು ಅಗ್ಗಕ್ಕೆ ಕೊಂಡರು. ಮೂರರ ಒಳ್ಳೆಯ ಭಾಗಗಳನ್ನು ಕೂಡಿಸಿ ಒಂದು ಮಾಡಿಕೊಂಡರು. ಅದೇ ‘ಬ್ಲ್ಯಾಕಿ’. 2004ರಲ್ಲಿ ಅದಕ್ಕೆ 9,59,500 ಡಾಲರ್ ಬಂತು. ಕರ್ಟ್ ಕೋಬೇನ್ ಅವರ ಮಸ್ಟ್ಯಾಂಗ್ 2022ರಲ್ಲಿ 45 ಲಕ್ಷ ಡಾಲರ್ ದಾಟಿತು. ನನಗೆ ಇವೆಲ್ಲಕ್ಕಿಂತ ಹೆಚ್ಚು ಮಾತಾಡುವುದು ಐರ್ಲೆಂಡಿನ ರೋರಿ ಗ್ಯಾಲಗರ್ ಅವರ 1961ರ ಸ್ಟ್ರಾಟೋಕಾಸ್ಟರ್. ಕಾರ್ಕ್ ನಗರದಲ್ಲಿ 1963ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಆ ಗಿಟಾರಿನ ಬಣ್ಣ ಅವರ ಬೆವರಿಗೇ ಕಿತ್ತುಬಂದು, ಒಳಗಿನ ಬೋಳು ಮರ ಕಾಣುತ್ತದೆ. ಕತ್ತು ಬೆವರು ಕುಡಿದು ಬಾಗಿತೆಂದು ಬಿಚ್ಚಿ ಒಣಗಿಸಿದ್ದೂ ಉಂಟು. ಬೇರೆ ಯಾವ ಸಾಮಾನಾದರೂ ಇಷ್ಟು ಸವೆದಿದ್ದರೆ ಗುಜರಿ ಸೇರುತ್ತಿತ್ತು. 2024ರ ಅಕ್ಟೋಬರಿನಲ್ಲಿ ಇದು 8,89,400 ಪೌಂಡಿಗೆ ಮಾರಾಟವಾಗಿ ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಪಾಲಾಯಿತು. ಮಾರಾಟವಾದದ್ದು ಬೆವರು ಎಂದರೂ ನಡೆದೀತು.

ಆ ಬೆವರು ನೇರವಾಗಿ ಇಳಿಯುವುದು ಫ್ರೆಟ್‌ಬೋರ್ಡಿಗೆ, ಅಂದರೆ ತಂತಿಯ ಕೆಳಗೆ ಬೆರಳೊತ್ತುವ ಉದ್ದ ಪಟ್ಟಿಗೆ. ಲಿಯೋ ಫೆಂಡರ್ 1950ರ ದಶಕದಲ್ಲಿ ಇಡೀ ಕತ್ತನ್ನು ಮೇಪಲ್ ಮರದಲ್ಲೇ ಮಾಡುತ್ತಿದ್ದರು. ಬಿಳಿಚು ಮರವಾದ್ದರಿಂದ ಮೇಲಿನ ವಾರ್ನಿಷ್ ಸವೆದ ಕಡೆ ಕೊಳೆ ಎದ್ದು ಕಾಣುತ್ತಿತ್ತು. 1959ರಿಂದ ಅವರು ಮೇಪಲ್ ಮೇಲೆ ರೋಸ್‌ವುಡ್ ಪಟ್ಟಿ ಕೂರಿಸತೊಡಗಿದರು. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರಿಗೆ 1952ರಿಂದಲೇ ರೋಸ್‌ವುಡ್ ಪಟ್ಟಿಯಿತ್ತು. ರೋಸ್‌ವುಡ್ ಗಟ್ಟಿ, ಸೊಟ್ಟಗಾಗುವುದು ಕಡಿಮೆ. ಒಡಲಲ್ಲೇ ಎಣ್ಣೆಯಂಶ ಇರುವುದರಿಂದ ವಾರ್ನಿಷ್ ಬೇಡ. ಫ್ರೆಟ್ ತಂತಿಯನ್ನು ಸೀಳಿನಲ್ಲಿ ಭದ್ರವಾಗಿ ಕಚ್ಚಿ ಹಿಡಿಯುತ್ತದೆ.

ಆಗೆಲ್ಲ ಬಳಕೆಯಲ್ಲಿದ್ದದ್ದು ಬ್ರೆಜಿಲಿನ ರೋಸ್‌ವುಡ್. ಅಲ್ಲಿನ ಕರಾವಳಿ ಕಾಡು ಬರಿದಾಗಿ, 1960ರ ದಶಕದ ಕೊನೆಗೆ ದಿಮ್ಮಿಗಳ ರಫ್ತಿಗೆ ತಡೆ ಬಿತ್ತು. ಗಿಟಾರು ತಯಾರಕರು ಅದರ ಜ್ಞಾತಿಯಾದ ಭಾರತದ ಮರದ ಕಡೆ ತಿರುಗಿದರು. ಮಾರ್ಟಿನ್ ಕಂಪನಿ 1969ರಲ್ಲಿ ಬದಲಾಯಿತು. 1992ರಲ್ಲಿ ಬ್ರೆಜಿಲಿನ ಮರ, ಅಪಾಯದಲ್ಲಿರುವ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಗೆ ಸೇರಿ, ವ್ಯಾಪಾರವೇ ಹೆಚ್ಚುಕಡಿಮೆ ನಿಂತಿತು. ಹೀಗೆ ಪಶ್ಚಿಮ ಘಟ್ಟದ ಬೀಟೆ, ಶಾಸ್ತ್ರೀಯ ಹೆಸರಿನಲ್ಲಿ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, ಜಗತ್ತಿನ ಗಿಟಾರುಗಳ ಬೆರಳಡಿ ಬಂತು.

ಗಿಟಾರು ಲೋಕದಲ್ಲಿ ಒಂದು ಕಥೆ ಬಹಳ ಕಾಲದಿಂದ ಓಡಾಡುತ್ತಿದೆ: ಭಾರತದ ಬೀಟೆಯನ್ನು ಬ್ರಿಟಿಷರು ತೋಟದ ನೆರಳಿಗೆಂದು ನೆಟ್ಟರು, ಈಗ ಮುದಿಯಾದವನ್ನು ಕಡಿದು ಕೊಡುತ್ತಿದ್ದಾರೆ, ಕಾಡಿಗೇನೂ ನಷ್ಟವಿಲ್ಲ. ಗಿರಾಕಿಗೆ ನೆಮ್ಮದಿ ಕೊಡುವ ಕಥೆ. ಹಾಸನ ಜಿಲ್ಲೆಯ ಮಲೆನಾಡಿನ ಮಟ್ಟಿಗೆ ಅದು ಅರ್ಧ ನಿಜ. ಸಕಲೇಶಪುರ ತಾಲ್ಲೂಕಿಗೆ ಆಗ ಮಂಜರಾಬಾದ್ ಎಂಬ ಹೆಸರಿತ್ತು. 1840ರ ದಶಕದಲ್ಲಿ ಇಲ್ಲಿಗೆ ಯುರೋಪಿಯನ್ ಪ್ಲಾಂಟರುಗಳು ಬಂದರು. ಇಲ್ಲೇ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನೆರಳಿನ ಮರಗಳಿಗೇ ಪ್ರತ್ಯೇಕ ಅಧ್ಯಾಯವಿದೆ. ಯಾವ ಮರ ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂಬುದು ಕಾಫಿ ಬೆಳೆಗಾರನ ಮೊದಲ ಚಿಂತೆ. ಕಾಡಿನ ಕೆಳಗಿನ ಪೊದೆ ಸವರಿ, ಬೇಕಾದ ದೊಡ್ಡ ಮರ ಉಳಿಸಿಕೊಂಡು, ನಡುವೆ ಕಾಫಿ ಗಿಡ ಇಡುವುದು ಇಲ್ಲಿನ ಕ್ರಮ. ತೋಟದ ಬೀಟೆ ಬಹುಪಾಲು ಹಾಗೆ ಉಳಿದುಕೊಂಡ ಕಾಡುಮರವೇ. ಪಕ್ಕದಲ್ಲೇ ಹೊನ್ನೆ, ನಂದಿ, ಮತ್ತಿ, ಹಲಸು, ಬಸರಿ ಇರುತ್ತವೆ. ನೆಟ್ಟದ್ದೆಂದರೆ ಹಾಲುವಾಣ ಮತ್ತು ಸಿಲ್ವರ್ ಓಕ್.

ಬೀಟೆಯನ್ನು ಗುರುತಿಸುವುದು ಕಷ್ಟವಲ್ಲ. ಬೂದು ತೊಗಟೆ, ಒಂದೇ ಕಡ್ಡಿಗೆ ಐದೋ ಏಳೋ ಗುಂಡನೆಯ ಎಲೆ, ಚಪ್ಪಟೆ ಕಾಯಿ. ದ್ವಿದಳ ಜಾತಿಯಾದ್ದರಿಂದ ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಮರಗಸಿ, ಅಂದರೆ ಕೊಂಬೆ ಸವರಿಕೆ, ಮಾಡಿಸಿದರೆ ಹದವಾದ ಬಿಸಿಲು ಕೆಳಗಿಳಿಯುತ್ತದೆ. ಕೊಯ್ದರೆ ಅಂಚಿನಲ್ಲಿ ಬಿಳಿ, ಒಳಗೆ ನೇರಳೆ ಕಂದಿನ ಚೇಗು, ಅದರಲ್ಲಿ ಕಪ್ಪು ಗೆರೆ. ಗರಗಸದ ಬಾಯಿಂದ ಸಿಹಿ ವಾಸನೆ. ಈ ಚೇಗು ಬಲಿಯಲು ಎರಡು ಮೂರು ತಲೆಮಾರು ಬೇಕು. ಮಲೆನಾಡಿನ ಹಳೆಯ ಮನೆಗಳಲ್ಲಿ ಮಂಚ, ತೊಟ್ಟಿಲು, ಬಾಗಿಲವಾಡ ಬೀಟೆಯವು. ಮೈಸೂರಿನ ಕೆತ್ತನೆಗಾರರ ಕುಸುರಿ ಹಲಗೆಗೂ, ಅಂಬಾವಿಲಾಸ ಅರಮನೆಯ ದಂತ ಕೂರಿಸಿದ ಬಾಗಿಲಿಗೂ ಇದೇ ಮರ.

ಆದರೆ ಬೆಳೆಗಾರನಿಗೆ ಬೀಟೆ ಎಂದರೆ ಹೆಮ್ಮೆಯ ಜೊತೆ ತಲೆನೋವೂ ಹೌದು. ರಾಜ್ಯದ ಅರಣ್ಯ ಕಾನೂನಿನಲ್ಲಿ ಇದು ಕಾಯ್ದಿಟ್ಟ ಜಾತಿ. ಮಂಜೂರಾದ ಎಷ್ಟೋ ಜಮೀನುಗಳಲ್ಲಿ ಮರ ಸರ್ಕಾರದ್ದು. ಮಾಲ್ಕಿ, ಅಂದರೆ ಮರದ ಬೆಲೆ, ಕಟ್ಟದೆ ಹಕ್ಕು ಬರುವುದಿಲ್ಲ. 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯಲು ಅನುಮತಿ ಬೇಕು. ಸಾಗಿಸಲು ಬೇರೆಯೇ ಪಾಸ್ ಬೇಕು. ಸಿಲ್ವರ್ ಓಕ್‌ಗೆ ಇರುವ ವಿನಾಯಿತಿ ಬೀಟೆಗಿಲ್ಲ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಬೇಕೆಂದಾಗ ಮಾರಬಹುದು. ಹೀಗಿರುವಾಗ ಬೇರಿನಿಂದ ಚಿಗುರಿದ ಎಳೆ ಬೀಟೆಯನ್ನು ಕಳೆ ಕತ್ತಿಯಿಂದ ಉಳಿಸಲು ಯಾರಿಗೆ ಮನಸ್ಸು ಬಂದೀತು? ಕಾಪಾಡಲು ಬಂದ ಕಾನೂನೇ ಸಸಿಗೆ ಶತ್ರುವಾದ ಈ ಸಂಗತಿಯನ್ನು ಘಟ್ಟದ ಕಾಫಿ ಸೀಮೆಯ ಅಧ್ಯಯನಗಳು ಗುರುತಿಸಿವೆ. ಗಿಟಾರಿನವರಿಗೆ ನೂರು ವರ್ಷದ ನಂತರ ಬೇಕಾಗುವ ಮರ ಇವತ್ತು ಕಳೆಯ ಜೊತೆ ಹೋಗುತ್ತಿದೆ.

ಬೀಟೆ ಪಟ್ಟಿ ಅಂತರರಾಷ್ಟ್ರೀಯ ಸುದ್ದಿಯಾದದ್ದು 2011ರ ಆಗಸ್ಟ್ 24ರಂದು. ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆಯ ಅಧಿಕಾರಿಗಳು ನ್ಯಾಶ್‌ವಿಲ್ ಮತ್ತು ಮೆಂಫಿಸ್‌ನ ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ಮಾಡಿ ಭಾರತದಿಂದ ಬಂದ ಬೀಟೆ, ಕರಿಮರದ ಪಟ್ಟಿಗಳನ್ನು ವಶಪಡಿಸಿಕೊಂಡರು. ಬೇರೆ ದೇಶದ ಕಾನೂನು ಮುರಿದು ತಂದ ಮರವನ್ನು ಅಮೆರಿಕದ ಲೇಸಿ ಕಾಯ್ದೆ 2008ರ ತಿದ್ದುಪಡಿಯ ನಂತರ ಒಪ್ಪುವುದಿಲ್ಲ. ವ್ಯಾಜ್ಯ ನಿಂತದ್ದು ಮಿಲಿಮೀಟರಿನ ಮೇಲೆ. ನಮ್ಮ ನಿಯಮದಲ್ಲಿ ಬೀಟೆಯ ದಿಮ್ಮಿಯನ್ನೂ 6 ಮಿ.ಮೀ.ಗಿಂತ ದಪ್ಪದ ಹಲಗೆಯನ್ನೂ ರಫ್ತು ಮಾಡುವಂತಿಲ್ಲ. ವಾದ್ಯದ ಸಿದ್ಧ ಬಿಡಿಭಾಗವನ್ನು ರಫ್ತು ಮಾಡಬಹುದು. ಫ್ರೆಟ್ ಕೂರಿಸದ ಪಟ್ಟಿ ಹಲಗೆಯೋ, ಬಿಡಿಭಾಗವೋ? 2012ರ ಆಗಸ್ಟಿನಲ್ಲಿ ರಾಜಿಯಾಯಿತು. ಗಿಬ್ಸನ್ 3 ಲಕ್ಷ ಡಾಲರ್ ದಂಡ ಕಟ್ಟಿದ್ದು ಮಡಗಾಸ್ಕರದ ಕರಿಮರದ ವಿಷಯಕ್ಕೆ. ಭಾರತದ ನಿಯಮ ಸ್ಪಷ್ಟವಿಲ್ಲವೆಂದು ಒಪ್ಪಿ, ಆ ಪಟ್ಟಿಗಳನ್ನು ಹಿಂದಿರುಗಿಸಲಾಯಿತು. ಗಿಬ್ಸನ್ ಮಾಡಿದ ಮುಂದಿನ ಕೆಲಸ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಹಿಂದಿರುಗಿದ ಮರ ಹಾಕಿ ‘ಗವರ್ನಮೆಂಟ್ ಸೀರೀಸ್’ ಎಂಬ ಗಿಟಾರುಗಳನ್ನೇ ಹೊರತಂದಿತು. ಜಪ್ತಿಯಾಗಿ ಬಂದ ಕಥೆ ಮರಕ್ಕೆ ಅಂಟಿದ ಕೂಡಲೇ ಮರವೇ ಮಾರಾಟದ ಮಾತಾಯಿತು. ಬೆಳೆದ ಊರಿನ ಕಥೆಗೆ ಆ ಭಾಗ್ಯವಿರಲಿಲ್ಲ.

2017ರ ಜನವರಿ 2ರಿಂದ, ಮೊದಲ ಪಟ್ಟಿಯಲ್ಲಿದ್ದ ಬ್ರೆಜಿಲಿನ ಮರ ಬಿಟ್ಟು, ಡಾಲ್ಬರ್ಜಿಯಾ ಕುಲದ ಉಳಿದೆಲ್ಲ ಮರಗಳೂ ಸೈಟಿಸ್‌ನ ಎರಡನೆಯ ಪಟ್ಟಿಗೆ ಸೇರಿದವು. ಫೆಂಡರ್ ತನ್ನ ಮೆಕ್ಸಿಕೋ ಕಾರ್ಖಾನೆಯ ಗಿಟಾರುಗಳಿಗೆ ಪಾವ್ ಫೆರೋ ಎಂಬ ದಕ್ಷಿಣ ಅಮೆರಿಕದ ಮರ ಹಾಕತೊಡಗಿತು. ಸಂಗೀತಗಾರರ ಗೋಳು ಕೇಳಿ, 2019ರ ನವೆಂಬರ್ 26ರಿಂದ ಸಿದ್ಧ ವಾದ್ಯಗಳಿಗೂ ಬಿಡಿಭಾಗಗಳಿಗೂ ವಿನಾಯಿತಿ ಸಿಕ್ಕಿತು.

ಇಷ್ಟು ಗದ್ದಲ ಮಾಡುವಷ್ಟು ನಾದ ಆ ಮರದಲ್ಲಿದೆಯೇ? 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಹಿಂಬದಿ ಮತ್ತು ಪಕ್ಕಗಳ ಮರವೊಂದು ಬಿಟ್ಟು ಉಳಿದೆಲ್ಲ ಒಂದೇ ತೆರನಾದ ಆರು ಗಿಟಾರುಗಳನ್ನು 52 ವಾದಕರು ಕಣ್ಣು ಮುಚ್ಚುವ ಕನ್ನಡಕ ತೊಟ್ಟು ನುಡಿಸಿದರು. ದುಬಾರಿ ಬ್ರೆಜಿಲ್ ಮರ, ಭಾರತದ ಬೀಟೆ, ಅಗ್ಗದ ಮರ, ಯಾವುದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅವು ವಿದ್ಯುತ್ತಿಲ್ಲದ ಗಿಟಾರುಗಳು. ಪಿಕಪ್ಪು, ಆಂಪ್ಲಿಫೈಯರು ದಾಟಿ ಬರುವ ನಾದದಲ್ಲಿ ಬೆರಳಡಿಯ ತೆಳು ಪಟ್ಟಿಯ ಪಾಲು ಇನ್ನೂ ಕಡಿಮೆಯೇ ಇರಬೇಕು. ಬೀಟೆಯ ಗುಣ ಬಾಳಿಕೆಯಲ್ಲಿದೆ, ಬೆರಳಿಗೆ ಸಿಗುವ ನುಣುಪಿನಲ್ಲಿದೆ, ನೋಟದಲ್ಲಿದೆ. ನಾದದ ಹೆಸರಿನಲ್ಲಿ ಅದಕ್ಕೆ ಕಟ್ಟಿದ ಬೆಲೆ ನಂಬಿಕೆಯದು.

ನಂಬಿಕೆಯನ್ನು ಹಗುರಾಗಿ ಕಾಣುವಂತಿಲ್ಲ, ಖ್ಯಾತರ ಗಿಟಾರಿನ ಮಾರುಕಟ್ಟೆ ನಿಂತಿರುವುದೇ ಅದರ ಮೇಲೆ. 1968ರಲ್ಲಿ ಜಾರ್ಜ್ ಹ್ಯಾರಿಸನ್‌ಗಾಗಿ ಫೆಂಡರ್ ಇಡಿಯಾಗಿ ರೋಸ್‌ವುಡ್‌ನಲ್ಲೇ ಒಂದು ಟೆಲಿಕಾಸ್ಟರ್ ಮಾಡಿಸಿತು. ಬೀಟಲ್ಸ್ ತಂಡ 1969ರ ಜನವರಿ 30ರಂದು ಲಂಡನ್ನಿನ ಮಾಳಿಗೆಯ ಮೇಲೆ ಕೊಟ್ಟ ಕೊನೆಯ ಕಛೇರಿಯಲ್ಲಿ ಅವರು ಹಿಡಿದದ್ದು ಅದನ್ನೇ. 2003ರಲ್ಲಿ ಅದಕ್ಕೆ 4,34,750 ಡಾಲರ್ ಬಂತು. ಕ್ವೀನ್ ತಂಡದ ಬ್ರಯಾನ್ ಮೇ ಅವರದು ಇದಕ್ಕೆ ತಿರುಗು ಮುರುಗು. ತಂದೆಯೊಡನೆ 1963ರಲ್ಲಿ ಕೈಯಾರೆ ಮಾಡತೊಡಗಿದ ಆ ಗಿಟಾರಿನ ಕತ್ತು ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮಹಾಗನಿ ಮರದ್ದು, ಪಟ್ಟಿಯ ಮೇಲಿನ ಚುಕ್ಕೆಗಳು ಅಮ್ಮನ ಡಬ್ಬಿಯ ಮುತ್ತಿನ ಗುಂಡಿಗಳು. ಅಭಿಮಾನಿಗಳಿಗೆ ಇವೆಲ್ಲ ಬಾಯಿಪಾಠ. ಮರದ ಮೂಲ ತಿಳಿದಿದ್ದರೆ ಅದೂ ವಾದ್ಯದ ಬೆಲೆಯೊಳಗೆ ಸೇರುತ್ತದೆ.

ಬೀಟೆಗೆ ಮೂಲದ ದಾಖಲೆ ಇಲ್ಲವೆಂದೂ ಅಲ್ಲ. ಅನುಮತಿ ಪಡೆದು ಕಡಿದ ಮರಕ್ಕೆ ಸರ್ವೆ ನಂಬರಿದೆ, ಅಳತೆ ಪಟ್ಟಿಯಿದೆ. ನಾಟಾದ ಮೇಲೆ ಇಲಾಖೆಯ ಸುತ್ತಿಗೆ ಮುದ್ರೆ ಬೀಳುತ್ತದೆ, ಲಾರಿಯ ಜೊತೆ ಪಾಸು ಹೋಗುತ್ತದೆ. ಡಿಪೊ ತನಕ ಬಂದ ಈ ಜಾತಕ ಸಾಮಿಲ್ಲಿನಲ್ಲಿ ಕಳಚಿಬೀಳುತ್ತದೆ. ಅರ್ಧ ಮೀಟರಿಗಿಂತ ಸ್ವಲ್ಪ ಉದ್ದ, ಏಳು ಸೆಂಟಿಮೀಟರ್ ಅಗಲ, ಒಂದು ಸೆಂಟಿಮೀಟರಿಗಿಂತ ತುಸು ತೆಳುವಾದ ಪಟ್ಟಿ ತೂಗುವುದು 300 ಗ್ರಾಮಿಗೂ ಕಡಿಮೆ. ಅದರ ಬೆನ್ನಿಗೆ ಒಂದು ಸಂಖ್ಯೆ ಒತ್ತಲು ಖರ್ಚೆಷ್ಟು? ಆ ಸಂಖ್ಯೆಯಿಂದ ತೋಟದ ಹೆಸರು ತಿಳಿಯುವಂತಿದ್ದರೆ, ಎಳೆ ಬೀಟೆಯನ್ನು ಉಳಿಸಿ ಬೆಳೆಸಿದವನಿಗೆ ಹೆಚ್ಚಿನ ದರ ಕೇಳುವ ದಾರಿ ತೆರೆಯುತ್ತದೆ. ಅರಣ್ಯ ಇಲಾಖೆ ಸುತ್ತಿಗೆ ಮುದ್ರೆಯ ಸಂಖ್ಯೆಯನ್ನು ರಫ್ತಿನ ಪಟ್ಟಿಯವರೆಗೂ ಒಯ್ಯಬೇಕು. ಬೆಳೆಗಾರರು ಕಡಿತದ ಆದೇಶ, ಪಾಸಿನ ನಕಲುಗಳನ್ನು ಕಂದಾಯ ರಸೀದಿಯ ಜೊತೆಗೇ ಜೋಪಾನವಾಗಿ ಇಟ್ಟುಕೊಳ್ಳಬೇಕು.