ದುಡಿಮೆ ನಿಲ್ಲುವ ದಿನ: ಒಂದು ದ್ವೀಪದ ಕ್ರಿಸ್‌ಮಸ್

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದ ಕಾಲದ ಒಂದು ಪ್ರಸಂಗ ನನ್ನನ್ನು ಇಂದಿಗೂ ಕಾಡುತ್ತದೆ. ಒಂಬತ್ತನೆಯ ತರಗತಿಯಲ್ಲಿ ಪ್ರಪಂಚದ ಭೂಪಟವನ್ನು ತೂಗುಹಾಕಿ, ಪೋರ್ಚುಗೀಸರು ಭಾರತಕ್ಕೆ ಬಂದ ಜಲಮಾರ್ಗವನ್ನು ಬೆತ್ತದ ತುದಿಯಿಂದ ತೋರಿಸುತ್ತಿದ್ದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಆಫ್ರಿಕಕ್ಕೂ ದಕ್ಷಿಣ ಅಮೆರಿಕಕ್ಕೂ ನಡುವೆ ಒಂದು ಚುಕ್ಕೆ ಇದೆಯಲ್ಲ, ಅಲ್ಲಿ ಜನ ಇದ್ದಾರಾ?" ಎಂದು ಕೇಳಿದಳು. "ಯಾವುದೋ ಬಂಡೆ ಇರಬೇಕಮ್ಮ, ಕೂತುಕೋ" ಎಂದುಬಿಟ್ಟೆ. ಪಾಠ ಮುಗಿಸುವ ಅವಸರ. ಆ ವಿದ್ಯಾರ್ಥಿನಿ ಈ ಬರಹವನ್ನು ಓದುತ್ತಿದ್ದರೆ, ಇದನ್ನು ತಡವಾಗಿ ಬಂದ ಉತ್ತರವೆಂದು ಸ್ವೀಕರಿಸಬೇಕು.

ಆ ಚುಕ್ಕೆಯ ಹೆಸರು ಟ್ರಿಸ್ಟನ್ ಡ ಕುನ್ಹಾ. ಜನವಸತಿಯಿರುವ ಅತ್ಯಂತ ಸಮೀಪದ ನೆಲವೆಂದರೆ ಸುಮಾರು 2,400 ಕಿಲೋಮೀಟರ್ ದೂರದ ಸೇಂಟ್ ಹೆಲೆನಾ. ವಿಮಾನ ನಿಲ್ದಾಣವಿಲ್ಲ, ಕೇಪ್‌ಟೌನ್‌ನಿಂದ ಹಡಗಿನಲ್ಲಿ ಹೊರಟರೆ ಸುಮಾರು ಒಂದು ವಾರದ ಪ್ರಯಾಣ. 1506ರಲ್ಲಿ ಭಾರತದತ್ತ ಹೊರಟಿದ್ದ ಪೋರ್ಚುಗೀಸ್ ನೌಕಾಪಡೆಯ ನಾಯಕ ಇದನ್ನು ಕಂಡು ತನ್ನ ಹೆಸರನ್ನೇ ಇಟ್ಟನು. ಅದೇ ಪಡೆಯಲ್ಲಿದ್ದ ಅಲ್ಬುಕರ್ಕ್ ಎಂಬವನು ನಾಲ್ಕು ವರ್ಷಗಳ ತರುವಾಯ ನಮ್ಮ ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಗೋವೆಯನ್ನು ಗೆದ್ದನು. ಅಂದರೆ, ಅಂದು ನನ್ನ ಬೆತ್ತ ಆ ಚುಕ್ಕೆಯ ಪಕ್ಕದಲ್ಲಿಯೇ ಹಾದುಹೋಗಿತ್ತು!

ಅಲ್ಲಿ ಜನ ನೆಲೆಸಿದ್ದು ನೆಪೋಲಿಯನ್ನನ ದೆಸೆಯಿಂದ. ಅವನನ್ನು ಸೇಂಟ್ ಹೆಲೆನಾದಲ್ಲಿ ಸೆರೆಯಿಟ್ಟ ಬ್ರಿಟಿಷರು, ಬಿಡಿಸಿಕೊಂಡು ಹೋಗಲು ಯಾರಾದರೂ ಈ ದ್ವೀಪವನ್ನು ಬಳಸಿಯಾರೆಂದು ಶಂಕಿಸಿ 1816ರಲ್ಲಿ ಇಲ್ಲೊಂದು ಸೇನಾ ತುಕಡಿಯನ್ನು ಇರಿಸಿದರು. ಮರುವರ್ಷ ತುಕಡಿ ಹಿಂದಿರುಗಿತು. ವಿಲಿಯಂ ಗ್ಲಾಸ್ ಎಂಬ ಸ್ಕಾಟ್ ಸೈನಿಕ ಮಾತ್ರ ಹೆಂಡತಿ ಮಕ್ಕಳೊಡನೆ ಉಳಿಯಲು ಅನುಮತಿ ಪಡೆದನು. ಅವನೂ ಅವನ ಇಬ್ಬರು ಸಂಗಡಿಗರೂ 1817ರ ನವೆಂಬರ್ 7ರಂದು ಒಂದು ಒಪ್ಪಂದ ಬರೆದುಕೊಂಡರು. ಸರಕು ಸರಂಜಾಮು ಎಲ್ಲರಿಗೂ ಸಮಪಾಲು, ಲಾಭವೂ ಸಮಪಾಲು, ಯಾರೂ ಯಾರಿಗೂ ಮೇಲಲ್ಲ. ರಾಜ್ಯಾಂಗಗಳ ಇತಿಹಾಸವನ್ನು ವರ್ಷಗಟ್ಟಲೆ ಬೋಧಿಸಿದ ನನಗೆ ಈ ಒಂದು ಹಾಳೆಯ ಕಾಗದ ತಿಳಿಯದೆ ಹೋದದ್ದು ನಾಚಿಕೆಯ ಸಂಗತಿ.

ಮುಂದೆ ಡಚ್ಚರು, ಅಮೆರಿಕನ್ನರು, ಸೇಂಟ್ ಹೆಲೆನಾದ ಮಹಿಳೆಯರು, 1892ರಲ್ಲಿ ಹಡಗೊಡೆದು ಬಂದ ಇಬ್ಬರು ಇಟಾಲಿಯನ್ನರು ಈ ಸಮುದಾಯಕ್ಕೆ ಸೇರಿದರು. 1885ರಲ್ಲಿ, ಕ್ರಿಸ್‌ಮಸ್‌ಗೆ ಒಂದು ತಿಂಗಳೂ ಇಲ್ಲದಾಗ, ದೂರದಲ್ಲಿ ಕಂಡ ಹಡಗಿನೊಡನೆ ವ್ಯಾಪಾರಕ್ಕೆಂದು ದೋಣಿಯೇರಿ ಹೋದ 15 ಗಂಡಸರು ಮರಳಲೇ ಇಲ್ಲ. ಅಷ್ಟು ಸಣ್ಣ ಊರಿನಲ್ಲಿ ಅದು ಎಂಥ ಹಬ್ಬವಾಗಿದ್ದೀತು!

ಈಗ ಅಲ್ಲಿಯ ಹಬ್ಬದ ವಿಷಯ. ಕ್ರಿಸ್‌ಮಸ್ ಋತುವನ್ನು ಅಲ್ಲಿ ಆರಂಭಿಸುವುದು ನಕ್ಷತ್ರದೀಪವಲ್ಲ, ಬೀಗ. ಹಬ್ಬಕ್ಕೆ ಕೆಲವು ದಿನಗಳಿರುವಾಗ ಸರ್ಕಾರಿ ಇಲಾಖೆಗಳೂ ಸಿಗಡಿ ಜಾತಿಯ ಕ್ರೇಫಿಶ್ ಸಂಸ್ಕರಿಸುವ ಕಾರ್ಖಾನೆಯೂ ಕೆಲಸ ನಿಲ್ಲಿಸುತ್ತವೆ. ಅದಕ್ಕೆ 'ಬ್ರೇಕ್-ಅಪ್ ಡೇ' ಎಂದು ಹೆಸರು. ನಮ್ಮ ಶಾಲೆಗಳಲ್ಲಿ ಬೇಸಿಗೆ ರಜೆಗೆ ಮುಂಚಿನ ಕೊನೆಯ ದಿನವನ್ನು ನೆನೆದುಕೊಳ್ಳಿ. ಅಲ್ಲಿ ಇಡೀ ಊರಿಗೇ ಅದು ಕೊನೆಯ ಗಂಟೆ. ಆಯಾ ಇಲಾಖೆಯವರು ಒಟ್ಟಾಗಿ, ಕೆಂಡದ ಮೇಲೆ ಮಾಂಸ ಸುಟ್ಟು ಸಹಭೋಜನ ಮಾಡುತ್ತಾರೆ. ಆಮೇಲೆ ಸುಮಾರು ಮೂರು ವಾರ ರಜೆ.

ಡಿಸೆಂಬರ್ ಅಲ್ಲಿ ಬೇಸಿಗೆ. ಆಲೂಗಡ್ಡೆಯ ಹೊಲಗಳಿರುವ 'ಪ್ಯಾಚಸ್' ಎಂಬಲ್ಲಿ ಕುಟುಂಬಗಳಿಗೆ ಸಣ್ಣ ಗುಡಿಸಲುಗಳಿವೆ. ರಜೆಗೆ ಅಲ್ಲಿಗೇ ಬಿಡಾರ. ಕುರಿಗಳ ಉಣ್ಣೆ ಕತ್ತರಿಸುವುದೂ ಇದೇ ಕಾಲದಲ್ಲಿ. ಹಬ್ಬದೂಟಕ್ಕೆ ಆಲೂಗಡ್ಡೆಯ ಹೂರಣ ತುಂಬಿ ಬೇಯಿಸಿದ ಕುರಿಮಾಂಸ. (ಆಲೂಗಡ್ಡೆಯೆಂದರೆ ಅವರಿಗೆ ಅಷ್ಟಿಷ್ಟಲ್ಲ: 1946ರಲ್ಲಿ ಸಿದ್ಧಪಡಿಸಿದ ಅಂಚೆಚೀಟಿಯೊಂದರ ಮೇಲೆ ಒಂದು ಪೆನ್ನಿಗೆ ನಾಲ್ಕು ಆಲೂಗಡ್ಡೆ ಎಂಬ ಬೆಲೆಯನ್ನೂ ಮುದ್ರಿಸಿದ್ದರು!) ಡಿಸೆಂಬರ್ 31ರ ರಾತ್ರಿ 'ಓಕಲೋಲಿ'ಗಳೆಂಬ ಮುಖವಾಡಧಾರಿಗಳು ಮನೆಮನೆಗೆ ಹೋಗಿ ಹೆದರಿಸುತ್ತಾರೆ.

ಈ ಸಂಪ್ರದಾಯ ಒಮ್ಮೆ ಕಡಿದುಹೋಗುವುದರಲ್ಲಿತ್ತು. 1961ರ ಅಕ್ಟೋಬರ್‌ನಲ್ಲಿ ಊರಿನ ಮಗ್ಗುಲಲ್ಲಿಯೇ ಜ್ವಾಲಾಮುಖಿ ಬಾಯ್ದೆರೆಯಿತು. 260ಕ್ಕೂ ಹೆಚ್ಚು ದ್ವೀಪವಾಸಿಗಳು ಉಟ್ಟ ಬಟ್ಟೆಯಲ್ಲಿ ದೋಣಿ ಹತ್ತಿ, ಕೇಪ್‌ಟೌನ್ ಮಾರ್ಗವಾಗಿ ಇಂಗ್ಲೆಂಡ್ ಸೇರಿದರು. ಆ ವರ್ಷದ ಕ್ರಿಸ್‌ಮಸ್ ಸರ್ರೆ ಪ್ರಾಂತ್ಯದ ಪೆಂಡೆಲ್ ಶಿಬಿರದಲ್ಲಿ, ಕೊರೆಯುವ ಚಳಿಯಲ್ಲಿ ಕಳೆಯಿತು. ಅಪರಿಚಿತ ಸೋಂಕುಗಳನ್ನು ತಾಳಲಾರದೆ ಕೆಲವು ವೃದ್ಧರು ತೀರಿಕೊಂಡರು. ಬಳಿಕ ಸೌತಾಂಪ್ಟನ್ ಬಳಿಯ ಕಾಲ್‌ಷಾಟ್‌ನಲ್ಲಿ ವಸತಿ ದೊರೆಯಿತು. ಉದ್ಯೋಗ, ವಿದ್ಯುತ್ತು, ದೂರದರ್ಶನ ಎಲ್ಲವೂ ದೊರೆತವು. ಇನ್ನು ಇವರು ಹಿಂದಿರುಗಲಾರರೆಂದು ಅಧಿಕಾರಿಗಳು ನಂಬಿದ್ದರು.

1962ರ ಡಿಸೆಂಬರ್, ಮತ್ತೆ ಅದೇ ಋತು. ಗುಪ್ತ ಮತದಾನ ನಡೆಯಿತು. ಮರಳಬೇಕೆಂದವರು 148, ಬೇಡವೆಂದವರು 5. ಆ ಐವರ ಮೇಲೂ ನನಗೆ ಗೌರವವಿದೆ. ಊರಿಗೆ ಊರೇ ಒಂದು ಕಡೆ ನಿಂತಾಗ ಬೇಡವೆನ್ನಲೂ ಎದೆಗಾರಿಕೆ ಬೇಕು.

1963ರ ನವೆಂಬರ್‌ನಲ್ಲಿ ಬಹುಪಾಲು ಜನ ದ್ವೀಪವನ್ನು ಮುಟ್ಟಿದರು. ಲಾವಾರಸ ಹಳೆಯ ಕಾರ್ಖಾನೆಯನ್ನೂ ದೋಣಿ ತಂಗುವ ದಡಗಳನ್ನೂ ನುಂಗಿತ್ತು, ಮನೆಗಳು ಉಳಿದಿದ್ದವು. ಕ್ರಿಸ್‌ಮಸ್‌ಗೆ ಆರೇ ವಾರಗಳಿದ್ದವು. 1966ರಲ್ಲಿ ಕೆಲವು ಕುಟುಂಬಗಳು ಮತ್ತೆ ಇಂಗ್ಲೆಂಡಿಗೆ ಹೋದವೆಂಬುದನ್ನೂ ಹೇಳಬೇಕು. ಅವರಲ್ಲಿ ಕೆಲವರು ಪುನಃ ಹಿಂದಿರುಗಿದರು.

ಹುಡುಗಿಯ ಪ್ರಶ್ನೆಗೆ ಈಗ ಉತ್ತರಿಸುತ್ತೇನೆ. ಇದ್ದಾರಮ್ಮ. ಇನ್ನೂರೈವತ್ತಕ್ಕೂ ಕಡಿಮೆ ಜನ, ಒಂದೇ ಊರು, ಒಂದು ಶಾಲೆ. ನಿನ್ನ ಮಕ್ಕಳಿಗೆ ಕ್ರಿಸ್‌ಮಸ್ ರಜೆ ಬರುವ ಹೊತ್ತಿಗೆ ಅಲ್ಲಿಯ ಮಕ್ಕಳಿಗೂ ರಜೆ ಬಂದಿರುತ್ತದೆ.