ನೀಲಿಯಲ್ಲಿ ಮೂಡಿದ ಮುಖ

ಮನೆ ಕಟ್ಟಿಸಿದವರಿಗೆಲ್ಲ ‘ನೀಲನಕ್ಷೆ’ ಎಂಬ ಮಾತು ಗೊತ್ತು. ಕಟ್ಟಿಸದವರೂ ಅದನ್ನು ಪತ್ರಿಕೆಗಳಲ್ಲಿ ಓದಿರುತ್ತಾರೆ. ಸರ್ಕಾರ ಯಾವ ಯೋಜನೆ ಹಾಕಿದರೂ ಅದಕ್ಕೊಂದು ನೀಲನಕ್ಷೆ ಇದ್ದೇ ಇರುತ್ತದೆ. ಆದರೆ ಇಂದು ಎಂಜಿನಿಯರು ತಂದು ಹರಡುವ ಹಾಳೆ ಬೆಳ್ಳಗಿರುತ್ತದೆ, ಗೆರೆಗಳು ಕಪ್ಪಗಿರುತ್ತವೆ. ನೀಲಿ ಎಲ್ಲಿ ಹೋಯಿತು? ಇತಿಹಾಸದ ಪಾಠ ಮಾಡುವವರಿಗೆ ಇಂಥ ಮಾತು ಕಂಡರೆ ಸುಮ್ಮನಿರಲಾಗುವುದಿಲ್ಲ. ಈ ನೀಲಿಯ ಬೆನ್ನು ಹಿಡಿದು ಹೊರಟರೆ ಅದು ನಮ್ಮನ್ನು ಫೋಟೋಗಳ ಲೋಕಕ್ಕೆ, ಅಲ್ಲಿಂದ ಒಬ್ಬ ಹೆಂಗಸಿನ ಮೇಜಿನ ಬಳಿಗೆ ಕರೆದೊಯ್ಯುತ್ತದೆ.

1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಸರ್ ಜಾನ್ ಹರ್ಷೆಲ್ ಒಂದು ಸಂಗತಿಯನ್ನು ಕಂಡುಕೊಂಡರು. ಕಬ್ಬಿಣದ ಎರಡು ಲವಣಗಳನ್ನು ನೀರಿನಲ್ಲಿ ಕರಗಿಸಿ, ಬೆರೆಸಿ, ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಿ ಬಿಸಿಲಿಗೆ ಹಿಡಿದರೆ, ಬಿಸಿಲು ಬಿದ್ದಲ್ಲೆಲ್ಲ ಕಡುನೀಲಿ ಹುಟ್ಟಿ ಕಾಗದವನ್ನು ಕಚ್ಚಿಕೊಳ್ಳುತ್ತದೆ. ನೆರಳಿದ್ದ ಕಡೆಯ ಲವಣ ನೀರಿನಲ್ಲಿ ತೊಳೆದುಹೋಗಿ ಬಿಳಿ ಉಳಿಯುತ್ತದೆ. ಆ ಕಾಲದ ಬೇರೆ ಫೋಟೋಗಳಿಗೆ ಬೆಳ್ಳಿಯ ಲವಣ ಬೇಕಾಗುತ್ತಿತ್ತು. ಇದಕ್ಕೆ ಕಬ್ಬಿಣ, ಬಿಸಿಲು, ನೀರು ಸಾಕು. ಇದರ ಹೆಸರು ಸಯನೋಟೈಪ್. ಮುಂದೆ ಎಂಜಿನಿಯರರು ನಕ್ಷೆಗಳ ಪ್ರತಿ ತೆಗೆಯಲು ಇದನ್ನೇ ಬಳಸಿದರು. ನಮ್ಮ ನೀಲನಕ್ಷೆಯ ನೀಲಿ ಅದೇ.

ಎಂಜಿನಿಯರರಿಗಿಂತ ಬಹಳ ಮೊದಲೇ ಅದನ್ನು ಕೈಗೆತ್ತಿಕೊಂಡವಳು ಆನಾ ಅಟ್ಕಿನ್ಸ್. ಹರ್ಷೆಲ್ ಈಕೆಯ ತಂದೆಗೆ ಸ್ನೇಹಿತರು. 1799ರಲ್ಲಿ ಹುಟ್ಟಿದ ಈಕೆ ಎಳೆಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡು, ವಿಜ್ಞಾನಿಯಾಗಿದ್ದ ತಂದೆಯ ಆರೈಕೆಯಲ್ಲಿ ಬೆಳೆದಳು. ಸಮುದ್ರಪಾಚಿಗಳ ಕೂದಲೆಳೆಯಂಥ ಕವಲುಗಳನ್ನು ಕೈಯಲ್ಲಿ ಬಿಡಿಸುವುದು ಕಷ್ಟ. ಅದಕ್ಕೆ ಆಕೆ ಲವಣ ಬಳಿದ ಕಾಗದದ ಮೇಲೆ ಪಾಚಿಯನ್ನೇ ಹರಡಿ, ಮೇಲೊಂದು ಗಾಜು ಒತ್ತಿ ಬಿಸಿಲಿಗಿಟ್ಟಳು. ಕ್ಯಾಮೆರಾ ಇಲ್ಲದೆಯೇ ನೀಲಿ ನೆಲದ ಮೇಲೆ ಬಿಳಿ ಪಾಚಿ ಮೂಡಿತು. 1843ರಿಂದ 1853ರವರೆಗೆ ಹತ್ತು ವರ್ಷ ಈ ಕೆಲಸ ನಡೆಯಿತು. ಒಂದೊಂದು ಪೂರ್ಣ ಪ್ರತಿಗೆ ಸುಮಾರು 400 ಚಿತ್ರಗಳು; ಅಕ್ಷರಗಳನ್ನು ಕೂಡ ಕೈಯಲ್ಲಿ ಬರೆದು ಹೀಗೆಯೇ ಬಿಸಿಲಿನಲ್ಲಿ ಅಚ್ಚೊತ್ತಿದ್ದು. ಫೋಟೋಗಳಿಂದ ಚಿತ್ರಿತವಾದ ಜಗತ್ತಿನ ಮೊದಲ ಪುಸ್ತಕವೆಂದು ಇಂದು ಅದನ್ನು ಕರೆಯುತ್ತಾರೆ. ಆಕೆ ಹಾಕಿದ ಸಹಿ ‘ಎ.ಎ.’ ಎಂಬ ಎರಡೇ ಅಕ್ಷರ. ಮುಂದೆ ಒಬ್ಬ ವಿದ್ವಾಂಸರು ಅದನ್ನು ‘ಅನಾನಿಮಸ್ ಅಮೆಚೂರ್’, ಎಂದರೆ ಯಾರೋ ಹೆಸರಿಲ್ಲದ ಹವ್ಯಾಸಿ ಎಂದು ಓದಿಕೊಂಡರಂತೆ! ಹೆಸರು ಮರೆತಿತ್ತು, ಕಾಗದ ಉಳಿದಿದ್ದರಿಂದ ಹೆಸರೂ ಮರಳಿ ಬಂತು.

ಇನ್ನೊಬ್ಬಳು ನಮ್ಮ ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಆಕೆಗೆ 1863ರಲ್ಲಿ, 48ನೇ ವಯಸ್ಸಿನಲ್ಲಿ, ಮಗಳು ಅಳಿಯ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ವಯಸ್ಸಾದ ಅಮ್ಮನಿಗೆ ಹೊತ್ತು ಹೋಗಲಿ ಎಂದು ಕೊಟ್ಟದ್ದು. ಆಕೆ ಕಲ್ಲಿದ್ದಲಿನ ಕೋಣೆಯನ್ನು ಕತ್ತಲ ಕೋಣೆ ಮಾಡಿಕೊಂಡಳು, ಕೋಳಿಗಳನ್ನು ಹೊರಗೆ ಕಳಿಸಿ ಕೋಳಿಗೂಡನ್ನು ಸ್ಟುಡಿಯೋ ಮಾಡಿಕೊಂಡಳು. ಗಾಜು ತೊಳೆದದ್ದೂ ಅಚ್ಚು ತೆಗೆದದ್ದೂ ತಾನೇ. ಚಿತ್ರಗಳಲ್ಲಿ ಗೀರು, ಬೆರಳ ಗುರುತು ಕಂಡು ಜನ ಮೂಗು ಮುರಿದರು. 1867ರಲ್ಲಿ ಆಕೆ ತೆಗೆದ ಮುದುಕ ಹರ್ಷೆಲ್ ಅವರ ಮುಖವನ್ನು ಇಂದು ನೋಡಿದರೆ ಎದುರಿಗೆ ಕುಳಿತಂತೆಯೇ ಇದೆ.

ಇಷ್ಟರ ಮೇಲೆ 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ತನ್ನ ಕೊಡ್ಯಾಕ್ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದ. ಬೆಲೆ 25 ಡಾಲರ್, ಒಳಗೆ 100 ಚಿತ್ರಗಳ ಸುರುಳಿ. ಗುಂಡಿ ಒತ್ತುವುದಷ್ಟೇ ನಿಮ್ಮ ಕೆಲಸ. ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳಿಸಿದರೆ 10 ಡಾಲರಿಗೆ ತೊಳೆದು, ಅಚ್ಚು ಹಾಕಿ, ಹೊಸ ಸುರುಳಿ ತುಂಬಿ ಕೊಡುತ್ತಿದ್ದರು. ಸಾಮಾನ್ಯರ ಕೈಗೆ ಫೋಟೋ ಬಂದದ್ದು ಹೀಗೆ, ದೊಡ್ಡ ಉಪಕಾರವೇ. ಆದರೆ ಚಿತ್ರ ಮೂಡುವ ಗಳಿಗೆ ನಮ್ಮ ಮನೆಯಿಂದ ಹೊರಟುಹೋದದ್ದೂ ಆಗಲೇ.

ನಮ್ಮ ಕನ್ನಡವನ್ನೇ ಗಮನಿಸಿ. ನಾನು ಚಿಕ್ಕವಳಾಗಿದ್ದಾಗ ನಾವು ಫೋಟೋ ‘ತೆಗೆಸುತ್ತಿದ್ದೆವು’, ಫಿಲ್ಮು ‘ತೊಳೆಸುತ್ತಿದ್ದೆವು’, ಪ್ರಿಂಟು ‘ಹಾಕಿಸುತ್ತಿದ್ದೆವು’, ಕಟ್ಟು ‘ಹಾಕಿಸುತ್ತಿದ್ದೆವು’. ವ್ಯಾಕರಣದಲ್ಲಿ ಇದನ್ನು ಪ್ರೇರಣಾರ್ಥಕ ಎನ್ನುತ್ತೇವೆ. ಕೆಲಸ ನಮ್ಮದು, ಕೈ ಇನ್ನೊಬ್ಬರದು. ಮೊಬೈಲ್ ಬಂದ ಮೇಲೆ ‘ತೆಗೆಸು’ ಹೋಗಿ ‘ತೆಗೆ’ ಆಯಿತು. ಸಂತೋಷವೇ. ಆದರೆ ತೊಳೆಸುವುದು, ಹಾಕಿಸುವುದು ಎರಡೂ ಹೆಚ್ಚಿನ ಮನೆಗಳಲ್ಲಿ ನಿಂತೇಹೋದವು. ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿಯನ್ನು 1975ರಲ್ಲಿ ಮಾಡಿದ್ದು ಕೊಡ್ಯಾಕ್‌ನ ಎಂಜಿನಿಯರೇ. ಅದೇ ಕೊಡ್ಯಾಕ್ 2012ರಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಬೇಕಾಯಿತು. ನಮ್ಮ ಫೋನುಗಳಲ್ಲಿ ಸಾವಿರಾರು ಚಿತ್ರಗಳಿವೆ. ಫೋನಿನ ಬೀಗದ ಸಂಖ್ಯೆ ಗೊತ್ತಿದ್ದವರು ತೀರಿಕೊಂಡರೆ ಚಿತ್ರಗಳೂ ಅವರೊಂದಿಗೆ ಹೋಗುತ್ತವೆ. ಕಬ್ಬಿಣದ ಟ್ರಂಕಿನೊಳಗಿನ ಆಲ್ಬಮ್ಮಿಗೆ ಬೀಗ ಹಾಕಿದ್ದರೂ ಒಡೆದು ತೆಗೆಯಬಹುದಿತ್ತು.

ಹಿಂದಿನ ಬೇಸಿಗೆ ನಮ್ಮ ಶಾಲೆಯ ವಿಜ್ಞಾನದ ಟೀಚರೂ ನಾನೂ ಸೇರಿ ಮಕ್ಕಳಿಗೆ ಈ ನೀಲಿ ಚಿತ್ರ ಮಾಡಿಸಿದೆವು. 100 ಮಿ.ಲೀ. ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದು 100 ಮಿ.ಲೀ.ಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಬಳಸುವ ಹೊತ್ತಿಗೆ ಎರಡನ್ನೂ ಸಮಸಮ ಬೆರೆಸುವುದು. ‘ಸಯನೈಡ್’ ಎಂದು ಕೇಳಿ ನನ್ನ ಎದೆ ಧಸಕ್ಕೆಂದಿತು. ಇದರಲ್ಲಿ ಅದು ಕಬ್ಬಿಣಕ್ಕೆ ಬಿಗಿಯಾಗಿ ಅಂಟಿರುವುದರಿಂದ ಭಯವಿಲ್ಲ, ಆದರೆ ಆಮ್ಲವನ್ನೂ ಬೆಂಕಿಯನ್ನೂ ಹತ್ತಿರ ತರಬಾರದು, ಕೈಗವಸು ಬೇಕು ಎಂದು ವಿಜ್ಞಾನದ ಟೀಚರು ಹೇಳಿದರು. ಮಕ್ಕಳು ಹುಣಸೆ ಎಲೆ, ಜರೀಗಿಡದ ಎಲೆ ತಂದರು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಮಾತ್ರ ತಂದೆಯ ಫೋನು ತಂದಳು. ಅದರ ಗಾಜು ಒಡೆದಿತ್ತು. ಒಳಗೆ ಅವಳ ತಾಯಿ ರೊಟ್ಟಿ ತಟ್ಟುತ್ತ, ಯಾರದೋ ಮಾತಿಗೆ ಹಿಂತಿರುಗಿ ನಗುತ್ತಿದ್ದರು.

ಆ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದಾರೆ. “ಅದು ನಮ್ಮಮ್ಮನ ಥರ ಇಲ್ಲ ಮಿಸ್” ಎಂದಳು ಹುಡುಗಿ.

ಫೋನಿನಲ್ಲೇ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿ, ಜೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಹಾಳೆಯ ಮೇಲೆ ತೆಗೆಸಿದೆವು. ಲವಣ ಬಳಿದ ಕಾಗದದ ಮೇಲೆ ಅದನ್ನಿಟ್ಟು, ಗಾಜು ಒತ್ತಿ, ಶಾಲೆಯ ಅಂಗಳದ ಬಿಸಿಲಿಗಿಟ್ಟೆವು. ಹಳದಿ ಹಸಿರಾಗಿದ್ದ ಕಾಗದ ನೋಡುನೋಡುತ್ತ ಬೂದಿಬಣ್ಣಕ್ಕೆ ತಿರುಗಿತು. ಬಕೆಟ್ಟಿನ ನೀರಿನಲ್ಲಿ ಅಲುಗಿಸಿದಾಗ ಮೊದಲು ಬಂದದ್ದು ರೊಟ್ಟಿ ತಟ್ಟುವ ಕೈ, ಬಳೆಗಳು, ಆಮೇಲೆ ನಗುವ ಮುಖ. ಗದ್ದಲ ಮಾಡುತ್ತಿದ್ದ ಮಕ್ಕಳು ಸುಮ್ಮನಾದರು. ಹುಡುಗಿ ಅಳಲಿಲ್ಲ. ಒದ್ದೆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, “ನೀರು ಸೋರಲಿ, ತಡೀರಿ” ಎಂದು ಉಳಿದವರಿಗೆ ತಾಕೀತು ಮಾಡಿದಳು. ಮೊದಲ ಎರಡು ಪ್ರತಿ ಕೆಟ್ಟಿದ್ದವು. ಅವನ್ನೂ ಬಿಡದೆ ಮನೆಗೆ ಒಯ್ದಳು.

ಅಂಗಡಿಯ ಬಣ್ಣದ ಪ್ರಿಂಟಿನಲ್ಲಿ ಮುಖ ಇನ್ನೂ ಸ್ಪಷ್ಟವಾಗಿರುತ್ತಿತ್ತು, ನಿಜ. ಅದನ್ನೂ ಹಾಕಿಸಬೇಕು. ಆದರೆ ಸ್ವತಃ ಅಚ್ಚು ತೆಗೆಯುವಾಗ ಅರ್ಧ ದಿನ ಒಂದೇ ಚಿತ್ರವನ್ನು ನೋಡುತ್ತೇವೆ. ಸಾವಿರದಲ್ಲಿ ಯಾವುದು ನಮ್ಮವರಂತಿದೆ ಎಂದು ಆರಿಸುತ್ತೇವೆ. ಆ ಆಯ್ಕೆಯನ್ನು ಯಂತ್ರ ಮಾಡಲಾರದು, ಆಧಾರ್ ಕಚೇರಿಯೂ ಮಾಡಲಾರದು.

ಈ ನೀಲಿಗೆ ಸೋಪು, ವಾಷಿಂಗ್ ಸೋಡಾ ಆಗದು. ತಾಗಿದರೆ ಬಣ್ಣ ಹೋಗುತ್ತದೆ. ಬೆಳಕಿನಲ್ಲಿ ಬಹಳ ದಿನ ತೂಗುಹಾಕಿದರೆ ಮಾಸುತ್ತದೆ, ಆದರೆ ಕತ್ತಲಲ್ಲಿಟ್ಟರೆ ಬಹುಮಟ್ಟಿಗೆ ಮತ್ತೆ ಬರುತ್ತದೆ. ಟ್ರಂಕಿನಲ್ಲಿಡುವ ನಮ್ಮ ಅಭ್ಯಾಸ ಅದಕ್ಕೆ ಹೇಳಿ ಮಾಡಿಸಿದಂತಿದೆ. ನೀಲಿ ಹಿಡಿಸದವರು ಸಕ್ಕರೆ ಹಾಲು ಹಾಕದ ಗಟ್ಟಿ ಚಹಾದಲ್ಲಿ ಅದ್ದಿದರೆ ಕಂದುಗಪ್ಪಾಗುತ್ತದೆ. ಮುಂದಿನ ಬೇಸಿಗೆ ಹಪ್ಪಳ ಹಾಕಲು ತಾರಸಿ ಹತ್ತಿದಾಗ ಪಕ್ಕದಲ್ಲೊಂದು ಇಂಥ ಕಾಗದವನ್ನೂ ಒಣಹಾಕಿ. ಹಿಂಭಾಗದಲ್ಲಿ ಪೆನ್ಸಿಲಿನಿಂದ ಹೆಸರು, ಊರು, ಇಸವಿ ಬರೆಯಿರಿ. ನಿಮ್ಮ ಹೆಸರನ್ನೂ ಬರೆಯಿರಿ, ಪೂರ್ತಿಯಾಗಿ, ಬರೀ ‘ಎ.ಎ.’ ಎಂದು ಬಿಡಬೇಡಿ.